ಪಾಲ್, ಮೇಟ್, ಬ್ರೋ: ಎಲ್ಲಕ್ಕೂ ‘ಗೆಳೆಯ’ ಒಂದೇ ಸಾಕಾ?

ದಾವಣಗೆರೆಯಲ್ಲಿ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಅವರಿಗಾಗಿ ದಿನಬಳಕೆಯ ಇಂಗ್ಲಿಷ್ ಮಾತುಗಳ ಒಂದು ಪಟ್ಟಿ ಮಾಡುತ್ತಿದ್ದೇನೆ. ಪಾಲ್, ಮೇಟ್, ಬಡಿ, ಚಮ್, ಕಾಮ್ರೇಡ್, ಫೆಲೋ, ಬ್ರೋ ಬಂದಾಗ ಪೆನ್ನು ನಿಂತಿತು. ನಿಘಂಟು ತೆಗೆದರೆ ಎಲ್ಲಕ್ಕೂ ಹೆಚ್ಚುಕಮ್ಮಿ ಒಂದೇ ಉತ್ತರ: ಗೆಳೆಯ, ಸ್ನೇಹಿತ, ಸಂಗಾತಿ. ತಪ್ಪೇನಿಲ್ಲ. ಆದರೆ ಇಂಗ್ಲಿಷ್ ಮಾತಾಡುವವರು ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ನೆ ಹಾಕುವುದಿಲ್ಲ. ನಿಮ್ಮ ಕಡೆ ಇವಕ್ಕೆ ಬೇರೆ ಬೇರೆ ಮಾತು ಇವೆಯೇ ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಮೊದಲು ನನಗೆ ಗೊತ್ತಿರುವಷ್ಟು ಹೇಳಿಬಿಡುತ್ತೇನೆ.

ಈ ಪದಗಳ ಬೇರು ನೋಡಿದರೆ ಕೆಲವು ಊಟದ್ದು, ಇನ್ನು ಕೆಲವು ಕೋಣೆಯದ್ದು. ಕಂಪ್ಯಾನಿಯನ್ ಲ್ಯಾಟಿನ್ನಿನಿಂದ ಬಂದದ್ದು, ರೊಟ್ಟಿ ಹಂಚಿಕೊಂಡು ತಿನ್ನುವವನು ಎಂದು. ಮೇಟ್ ಕೂಡ ಹಾಗೇ, ಒಂದೇ ಪಂಕ್ತಿಯಲ್ಲಿ ಉಣ್ಣುವವನು. ಕಾಮ್ರೇಡ್ ಎಂದರೆ ಒಂದೇ ಕೋಣೆಯಲ್ಲಿ ಮಲಗುವವನು. ಸ್ಪ್ಯಾನಿಷ್‌ನಿಂದ ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಬಂತು. ಚಮ್ 17ನೇ ಶತಮಾನದ ಆಕ್ಸ್‌ಫರ್ಡ್ ಹುಡುಗರ ಮಾತು. ಅದರ ಹಿಂದೆಯೂ ಕೋಣೆ ಎಂಬ ಅರ್ಥದ ಚೇಂಬರ್ ಇದೆ ಎನ್ನುತ್ತಾರೆ. ಹಾಸ್ಟೆಲ್ ಹುಡುಗರು ಆಗಲೂ ಪದಗಳನ್ನು ಕತ್ತರಿಸಿಯೇ ಆಡುತ್ತಿದ್ದರು ಅಂತಾಯಿತು.

ಫೆಲೋ ಕತೆ ಮಾತ್ರ ಬೇರೆ. ಅದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ದುಡ್ಡು ಕೂಡಿಸಿ ಹಾಕಿದ ಪಾಲುದಾರ ಎಂದು ಅರ್ಥ. ನಮ್ಮ ಮಂಡಿಪೇಟೆಯವರಿಗೆ ಇದು ಪಕ್ಕನೆ ಅರ್ಥವಾದೀತು. ಅದೇ ಪದ ವಿಶ್ವವಿದ್ಯಾಲಯದಲ್ಲಿ ಗೌರವ, ಬೀದಿಯಲ್ಲಿ ಬೈಗುಳ. ‘ಯಾವನೋ ಫೆಲೋ ಬಂದಿದ್ದ’ ಎಂದರೆ ಬಂದವನ ಮೇಲೆ ಮರ್ಯಾದೆ ಇಲ್ಲ ಎಂದೇ ಅರ್ಥ.

ನನಗೆ ಜಾಸ್ತಿ ಇಷ್ಟವಾದದ್ದು ಪಾಲ್. ಇದನ್ನು ಇಂಗ್ಲಿಷಿಗೆ ಕೊಟ್ಟವರು ರೋಮಾ ಜನ. ಅವರ ಹಿರಿಯರು ಭಾರತದಿಂದ ಹೊರಟು ಯುರೋಪ್ ಸೇರಿದವರು. ಅವರ ಮಾತಿನಲ್ಲಿ ‘ಫ್ರಲ್’ ಅಥವಾ ‘ಪಲ್’ ಎಂದರೆ ಅಣ್ಣತಮ್ಮ. ಅದರ ಮೂಲ ಸಂಸ್ಕೃತದ ಭ್ರಾತೃ. ಇತ್ತ ಇಂಗ್ಲಿಷಿನ ಬ್ರದರ್ ಕೂಡ ಭ್ರಾತೃವಿನ ದಾಯಾದಿಯೇ. ಅಂದರೆ ಒಂದೇ ಮೂಲದ ಎರಡು ಪದ ಬೇರೆ ಬೇರೆ ದಾರಿ ಹಿಡಿದು 17ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಒಂದಾದವು. ಹಣ್ಣಿನ ಗಾಡಿ ಹತ್ತಿರ ನಾವು ‘ಭಾಯ್, ಬಾಳೆಹಣ್ಣು ಹೆಂಗೆ?’ ಎನ್ನುತ್ತೇವಲ್ಲ, ಆ ಭಾಯ್ ಕೂಡ ಇದೇ ಮನೆಯವನು.

ಬಡಿ ಬಗ್ಗೆ ಹೆಚ್ಚು ಹೇಳುವುದಿಲ್ಲ. 19ನೇ ಶತಮಾನದ ಅಮೆರಿಕದ ಮಾತು. ಬ್ರದರ್ ಸವೆದು ಆದದ್ದಿರಬೇಕು. ಕನ್ನಡದಲ್ಲಿ ಬರೆಯುವಾಗ ಒತ್ತು ಕೊಟ್ಟರೆ ‘ಬಡ್ಡಿ’ ಆಗುತ್ತದೆ. ಸಾಲ ಕೊಟ್ಟ ಗೆಳೆಯನಿಗಾದರೆ ಸರಿ.

ಮೇಟ್‌ಗೆ ಆಸ್ಟ್ರೇಲಿಯಾದಲ್ಲಿ ಇರುವ ಮಾನ ಇಂಗ್ಲೆಂಡಿನಲ್ಲೂ ಇದ್ದಂತಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಸಂಸತ್ ಭವನದ ಕಾವಲುಗಾರರು ಯಾರನ್ನೂ ಮೇಟ್ ಎಂದು ಕರೆಯಬಾರದು ಎಂದು ಆದೇಶ ಹೊರಟಿತು. ಗಲಾಟೆ ಎಷ್ಟಾಯಿತೆಂದರೆ ಕೂಡಲೇ ಆದೇಶ ವಾಪಸ್. ನಮ್ಮಲ್ಲೂ ಮೇಟ್ ಇದ್ದಾನೆ, ಉದ್ಯೋಗ ಖಾತ್ರಿ ಕೆಲಸದಲ್ಲಿ. ಕೂಲಿಕಾರರ ಗುಂಪನ್ನು ನೋಡಿಕೊಳ್ಳುವವರಿಗೆ ಆ ಯೋಜನೆಯಲ್ಲಿ ಮೇಟ್ ಎಂದೇ ಹೆಸರು. ಅದನ್ನು ಕರ್ನಾಟಕದಲ್ಲಿ ‘ಕಾಯಕ ಬಂಧು’ ಮಾಡಿದರು. ಸರ್ಕಾರಿ ಅನುವಾದಗಳನ್ನು ಹೊಗಳುವ ಅವಕಾಶ ನನಗೆ ಸಿಗುವುದು ಕಡಿಮೆ. ಇದನ್ನು ಮಾತ್ರ ಹೊಗಳಲೇಬೇಕು. ಒಟ್ಟಿಗೆ ಉಣ್ಣುವವನು ಹೋಗಿ ಒಟ್ಟಿಗೆ ದುಡಿಯುವವನಾದ. ಶರಣರ ಕಾಯಕವೂ ಸೇರಿಕೊಂಡಿತು.

ಕಾಮ್ರೇಡ್‌ಗೆ ನಮ್ಮೂರಿನಲ್ಲಿ ಅನುವಾದವೇ ಬೇಕಿಲ್ಲ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ಅದು ಇಲ್ಲಿಯ ಮನೆಮಾತು. 1980ರ ದಶಕದಲ್ಲಿ ಶಾಸಕರಾಗಿದ್ದ ಸಿಪಿಐನ ಪಂಪಾಪತಿಯವರನ್ನು ಹಿರಿಯರು ಈಗಲೂ ಕಾಮ್ರೇಡ್ ಸೇರಿಸಿಯೇ ನೆನೆಯುತ್ತಾರೆ. ಬರಹದಲ್ಲಿ ‘ಸಂಗಾತಿ’ ಎಂದು ಹಾಕುವುದುಂಟು. ಆದರೆ ಇವತ್ತಿನ ಹುಡುಗರಿಗೆ ಸಂಗಾತಿ ಎಂದರೆ ಬಾಳಸಂಗಾತಿ. ಕೆಂಪು ಬಾವುಟ ನೆನಪಾಗುವುದಿಲ್ಲ, ಲಗ್ನಪತ್ರಿಕೆ ನೆನಪಾಗುತ್ತದೆ.

ಈಗ ಬ್ರೋ. ನಿಜವಾದ ಪ್ರಶ್ನೆ ಇದರದ್ದೇ. ಇದನ್ನು ಮೊನ್ನೆ ಮೊನ್ನೆ ಮೊಬೈಲಿನಲ್ಲಿ ಹುಟ್ಟಿದ ಪದ ಎಂದುಕೊಂಡವರಿದ್ದಾರೆ. ಬ್ರದರನ್ನು ಹಾಗೆ ಮೊಟಕು ಮಾಡಿ ಬರೆಯುವುದು 17ನೇ ಶತಮಾನದಲ್ಲೇ ಇತ್ತು. ಅಂಗಡಿ ಬೋರ್ಡುಗಳ ಮೇಲೆ ‘ಅಂಡ್ ಬ್ರೋಸ್’ ಎಂದು ಇರುತ್ತಲ್ಲ, ಅದೇ. ಬಾಯಿಮಾತಿನಲ್ಲಿ ಅದನ್ನು ಬೆಳೆಸಿದವರಲ್ಲಿ ಅಮೆರಿಕದ ಕಪ್ಪು ಜನರ ಪಾಲು ದೊಡ್ಡದು.

ನಮ್ಮ ಹುಡುಗರು ಅದನ್ನು ಯಾಕೆ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡರು? ಇಂಗ್ಲಿಷ್ ಶೋಕಿ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಕನ್ನಡದಲ್ಲಿ ಗೆಳೆಯನನ್ನು ಕೂಗುವ ಮಾತುಗಳನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಅಣ್ಣ ಎಂದರೆ ಅವನು ದೊಡ್ಡವನು. ತಮ್ಮಾ ಎಂದರೆ ನಾನು ದೊಡ್ಡವನು. ಗುರು ಎಂದರೆ ಅವನು ಮೇಲೆ, ಸಿಸ್ಯಾ ಎಂದರೆ ಕೆಳಗೆ. ಮಗಾ ಎಂದರಂತೂ ನೇರ ಅಪ್ಪನ ಸ್ಥಾನ. ತಮಾಷೆಗೇ ಅಂದರೂ ಎಲ್ಲದರಲ್ಲೂ ಒಂದು ಮೆಟ್ಟಿಲಿದೆ. ಮೆಟ್ಟಿಲಿಲ್ಲದವು ದೋಸ್ತ, ಮಚ್ಚಾ. ಮೊದಲನೆಯದು ಫಾರ್ಸಿಯದು, ಎರಡನೆಯದು ತಮಿಳಿನದು. ಗೆಳೆಯ ನಮ್ಮದೇ, ಹಳಗನ್ನಡದ ‘ಕೆಳೆಯ’ನಿಂದ ಬಂದವನು, ಸರಿಸಮಾನನೂ ಹೌದು. ಆದರೆ ಬಸ್‌ಸ್ಟ್ಯಾಂಡಿನಲ್ಲಿ ‘ಗೆಳೆಯಾ, ಸ್ವಲ್ಪ ಸರಿ’ ಎಂದು ಯಾರಾದರೂ ಅಂದದ್ದು ಕೇಳಿದ್ದೀರಾ? ಒಡನಾಡಿಯ ಪಾಡೂ ಅದೇ. ಬಲು ಚೆಂದದ ಪದ, ಬರೀ ಬರಹದಲ್ಲಿ.

ಮೆಡಿಕಲ್, ಇಂಜಿನಿಯರಿಂಗ್ ಓದಲು ಎಲ್ಲೆಲ್ಲಿಂದಲೋ ಹುಡುಗರು ನಮ್ಮೂರಿಗೆ ಬರುತ್ತಾರೆ. ಬೆಣ್ಣೆದೋಸೆ ಹೋಟೆಲಿನಲ್ಲಿ ಎದುರು ಕೂತವನು ಸೀನಿಯರೋ ಜೂನಿಯರೋ ಗೊತ್ತಿಲ್ಲ. ‘ನೀನು’ ಅನ್ನಲು ಅಳುಕು, ‘ನೀವು’ ಅಂದರೆ ದೂರ. ‘ಬ್ರೋ, ಚಟ್ನಿ ಈ ಕಡೆ’ ಅಂದರೆ ಮುಗಿಯಿತು. ವಯಸ್ಸು ಕೇಳುವ ಗೋಜಿಲ್ಲ. ಹುಡುಗಿಯರೂ ತಮ್ಮತಮ್ಮಲ್ಲಿ ಬ್ರೋ ಅನ್ನುತ್ತಿದ್ದಾರೆ. ಬ್ರದರ್ ಎಂಬ ಪದದಲ್ಲಿ ಅಣ್ಣನೋ ತಮ್ಮನೋ ಎಂಬುದು ಗೊತ್ತಾಗುವುದಿಲ್ಲ ಎಂದು ನಾವು ಮೊದಲಿನಿಂದ ದೂರುತ್ತಿದ್ದೆವು. ಆ ಕೊರತೆಯೇ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ಅದೇ ಹುಡುಗ ಆಟೋದವರಿಗೆ ‘ಅಣ್ಣಾ, ಬರ್ತೀರಾ?’ ಎನ್ನುತ್ತಾನೆ. ಅಣ್ಣನೂ ಬೇಕು, ಬಹುವಚನವೂ ಬೇಕು. ನಮ್ಮ ಕಡೆ ಕೆಲವು ಮನೆಗಳಲ್ಲಿ ಅಪ್ಪನನ್ನೇ ಅಣ್ಣ ಎನ್ನುತ್ತಾರೆ, ಆ ಮಾತು ಬಿಡಿ.

ಹಾಗಾದರೆ ಬ್ರೋಗೆ ಕನ್ನಡದಲ್ಲಿ ‘ಸೋದರ’ ಅನ್ನಬಹುದಲ್ಲ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಆಡುಮಾತಿನಲ್ಲಿ ಸೋದರ ಉಳಿದಿರುವುದು ಸೋದರಮಾವ, ಸೋದರತ್ತೆ, ಸೋದರಳಿಯ ಇವುಗಳಲ್ಲಿ. ‘ಸೋದರಿಕೆಯಲ್ಲಿ ಹೆಣ್ಣು ತಂದ್ರು’ ಎಂದರೆ ಅದು ಕೊಟ್ಟು ತರುವ ಸಂಬಂಧ. ಅಣ್ಣತಮ್ಮಿಕೆ ಅದಕ್ಕೆ ತದ್ವಿರುದ್ಧ, ಅಲ್ಲಿ ಹೆಣ್ಣು ತರುವ ಹಾಗೇ ಇಲ್ಲ. ಬ್ರದರ್‌ಹುಡ್‌ಗೆ ಹಳ್ಳಿಯ ಹಿರಿಯರ ಮುಂದೆ ಸೋದರಿಕೆ ಅಂದರೆ ‘ಯಾವಾಗ ಮದುವೆ?’ ಎಂದು ಕೇಳಿಯಾರು. ಭ್ರಾತೃತ್ವ ಭಾಷಣಕ್ಕೆ ಸರಿ, ಹೋಟೆಲಿಗಲ್ಲ. ಒಂದು ಕಡೆ ಮಾತ್ರ ಇಂಗ್ಲಿಷೇ ನಮ್ಮಿಂದ ಸಾಲ ಪಡೆದಂತಿದೆ: ಷಡ್ಡಕನಿಗೆ ಅವರಲ್ಲಿ ಪದವೇ ಇಲ್ಲ, ನಾವೇ ಕೋಬ್ರದರ್ ಎಂದು ಮಾಡಿ ಕೊಟ್ಟೆವು. ಲಂಡನ್ನಿನಲ್ಲಿ ಹೇಳಿದರೆ ಮುಖ ಮುಖ ನೋಡಿಯಾರು.

ಸದ್ಯಕ್ಕೆ ನನ್ನ ಪಟ್ಟಿ ಹೀಗಿದೆ. ಪಾಲ್‌ಗೆ ದೋಸ್ತ, ಮೇಟ್‌ಗೆ ಜೊತೆಗಾರ, ಚಮ್‌ಗೆ ಓರಗೆಯವ, ಫೆಲೋಗೆ ಸಂದರ್ಭ ನೋಡಿ ‘ಆಸಾಮಿ’. ಕಾಮ್ರೇಡ್ ಹಾಗೇ ಇರಲಿ. ಬ್ರೋ ಮುಂದಿನ ಜಾಗ ಖಾಲಿ ಬಿಟ್ಟಿದ್ದೇನೆ.

ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ, ನಿಮ್ಮಲ್ಲಿ ತೆಲುಗೂ ಬೆರೆತಿದೆ. ಗುರುತಿಲ್ಲದ, ಹೆಚ್ಚುಕಮ್ಮಿ ನಿಮ್ಮದೇ ವಯಸ್ಸಿನ ಒಬ್ಬನನ್ನು ಸಂತೆಯಲ್ಲಿ ಏನೆಂದು ಕೂಗುತ್ತೀರಿ? ಅಣ್ಣ, ತಮ್ಮ ಎರಡೂ ಅಲ್ಲದ ಮಾತು ಬೇಕು. ನಿಮ್ಮ ತಾತಂದಿರು ಏನನ್ನುತ್ತಿದ್ದರು ಎಂಬುದು ನೆನಪಿದ್ದರೆ ಅದನ್ನೂ ಊರಿನ ಹೆಸರಿನ ಜೊತೆ ತಿಳಿಸಿ.