ಲೈಬ್ರರಿ ಮೂಲಕ ಎಲ್ರೂ ಒಂದೇ ಪುಸ್ತಕ ಆನ್‌ಲೈನಲ್ಲಿ ಓದೋದು: ಚಿಕ್ಕಮಗಳೂರು, ಹಾಸನ ಕಡೆ ಯಾರಾದ್ರೂ ಮಾಡಿದೀರಾ?

ಕಳಸದ_ಓದುಗಿ:
ನಮಸ್ಕಾರ ಎಲ್ರಿಗೂ. ಕಳಸ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ಒಂದಿಷ್ಟು ಜನ ಸೇರ್ಕೊಂಡು ತಿಂಗಳಿಗೊಂದು ಕಾದಂಬರಿ ಓದಿ ಭಾನುವಾರ ಸಂಜೆ ಆನ್‌ಲೈನಲ್ಲಿ ಮಾತಾಡೋಣ ಅಂತ ಇದೀವಿ, ಟೀಚರ್‌ಗಳಿದಾರೆ, ಎಸ್ಟೇಟ್ ರೈಟರ್ ಒಬ್ರು, ಪಿಯುಸಿ ಮಕ್ಳು, ನಮ್ಮತ್ತೆ ಕೂಡ ನಾನೂ ಇರ್ತೀನಿ ಅಂದಿದಾರೆ. ತೊಂದ್ರೆ ಏನಂದ್ರೆ ಲೈಬ್ರರೀಲಿ ಯಾವ ಪುಸ್ತಕ ಕೇಳಿದ್ರೂ ಒಂದೋ ಎರಡೋ ಪ್ರತಿ ಇರುತ್ತೆ, ಒಬ್ರು ಓದಿ ವಾಪಸ್ ಕೊಡೋ ಹೊತ್ತಿಗೆ ಉಳಿದವ್ರಿಗೆ ಹುಮ್ಮಸ್ಸೇ ಹೋಗಿರುತ್ತೆ. ಡಿಜಿಟಲ್ ಲೈಬ್ರರಿ ಆ್ಯಪ್ ಹಾಕ್ಕೊಂಡ್ವಿ, ನಾವಂದ್ಕೊಂಡಿದ್ದ ಕಾದಂಬರಿ ಅದ್ರಲ್ಲಿ ಸಿಗ್ಲಿಲ್ಲ. ಗುಂಪಲ್ಲಿ ಒಬ್ರು ಟೆಲಿಗ್ರಾಮಲ್ಲಿ ಪಿಡಿಎಫ್ ಇದೆ ಕಳಿಸ್ಲಾ ಅಂತಿದಾರೆ, ನಂಗ್ಯಾಕೋ ಮನಸ್ಸು ಒಪ್ತಿಲ್ಲ. ಏನ್ ಮಾಡ್ಬೋದು ಹೇಳಿ.

ಹಾಸನ್_ಹೈದ:
ಅಕ್ಕ, ನೀವು ಪುಸ್ತಕ ಮೊದ್ಲೇ ಫಿಕ್ಸ್ ಮಾಡ್ಕೊಂಡು ಆಮೇಲೆ ಹುಡುಕ್ತಿದೀರಾ, ಅದಕ್ಕೇ ಕಷ್ಟ. ಗ್ರಂಥಾಲಯ ಇಲಾಖೆಯ ಡಿಜಿಟಲ್ ಲೈಬ್ರರಿ ಶುರುವಾಗಿದ್ದು 2020ರಲ್ಲಿ, ಸದಸ್ಯತ್ವ ಫ್ರೀ, ಆದ್ರೆ ಅದ್ರಲ್ಲಿ ಪಠ್ಯಪುಸ್ತಕ, ಕಾಂಪಿಟೇಟಿವ್ ಎಕ್ಸಾಮ್ ಸಾಮಾನು ಜಾಸ್ತಿ. ಸುಮ್ನೆ ಒಂದ್ಸಂಜೆ ಕೂತು ಕನ್ನಡ ಸಾಹಿತ್ಯದಲ್ಲಿ ಏನೇನಿದೆ ನೋಡಿ, ಇರೋದ್ರಲ್ಲಿ ಆರಿಸ್ಕೊಳ್ಳಿ. ಹೆಸ್ರನ್ನ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಟೈಪ್ ಮಾಡಿ ನೋಡಿ.
ಪಿಡಿಎಫ್ ವಿಷ್ಯಕ್ಕೆ ಬಂದ್ರೆ, ಪುಸ್ತಕ ಈಗ ಪ್ರಿಂಟಲ್ಲೇ ಇಲ್ದಿದ್ರೆ ಹಂಚ್ಕೊಂಡ್ರೆ ಯಾರಿಗೇನು ನಷ್ಟ ಸ್ವಾಮಿ?

ಸಂಪಿಗೆಮರ:
@ಹಾಸನ್_ಹೈದ ಪ್ರಿಂಟಲ್ಲಿ ಇಲ್ಲ ಅಂದ ಮಾತ್ರಕ್ಕೆ ಕಾಪಿರೈಟ್ ಹಕ್ಕು ಹೋಯ್ತು ಅಂತಲ್ಲ ಕಣಪ್ಪ. ನಮ್ ದೇಶದ ಕಾಯ್ದೆ ಪ್ರಕಾರ ಲೇಖಕರು ತೀರ್ಕೊಂಡ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ ಹಕ್ಕು ಇರುತ್ತೆ. ಕುವೆಂಪು ಹೋಗಿದ್ದು 1994ರಲ್ಲಿ, ಅಂದ್ರೆ 2054 ಮುಗಿಯೋವರೆಗೂ, ತೇಜಸ್ವಿ 2007, ಅದಿನ್ನೂ ಮುಂದಕ್ಕೆ. ಅದೂ ಅಲ್ದೆ ಲೈಬ್ರರಿ ಹೆಸ್ರು ಹೇಳ್ಕೊಂಡು ನಡೆಸೋ ಕಾರ್ಯಕ್ರಮದಲ್ಲಿ ಕದ್ದ ಪಿಡಿಎಫ್ ಓಡಾಡಿದ್ರೆ ನಾಳೆ ಲೈಬ್ರೇರಿಯನ್ ತಲೆಗೆ ಬರುತ್ತೆ, ಪಾಪ ಅವ್ರ ಗತಿ ಏನು.
ಹಕ್ಕಿನ ಅವಧಿ ಮುಗಿದಿರೋದನ್ನ ತಗೊಳ್ಳಿ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದ್ದು, ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತಾರಲ್ಲ ಅದು. ಎಂ.ಎಸ್. ಪುಟ್ಟಣ್ಣನವರ ‘ಮಾಡಿದ್ದುಣ್ಣೋ ಮಹಾರಾಯ’ 1915, ಹಳೇ ಮೈಸೂರು ಸೀಮೆ ಕಥೆ, ನಿಮ್ಮತ್ತೆಗೆ ಹಿಡಿಸೋದು ಗ್ಯಾರಂಟಿ. ಇಂಥ ಹಳೇವು ಇಂಟರ್ನೆಟ್ ಆರ್ಕೈವಲ್ಲಿ ಸ್ಕ್ಯಾನ್ ಆಗಿ ಸಿಗ್ತವೆ, ಆದ್ರೆ ಫೈಲ್ ಭಾರ, ಫೋನಲ್ಲಿ ಅಕ್ಷರ ಸಣ್ಣ. ಕನ್ನಡ ವಿಕಿಸೋರ್ಸಲ್ಲಿ ಟೈಪ್ ಮಾಡಿರೋದು ಸಿಕ್ರೆ ಅದೇ ವಾಸಿ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡ್ಕೋಬೋದು. ಪಿಯುಸಿ ಹುಡುಗ್ರು ಮೊದ್ಲು ಹಳೇ ಕನ್ನಡ ಅಂತ ಗೊಣಗ್ತಾರೆ, ಗೊಣಗ್ಲಿ ಬಿಡಿ.

ಅರಕಲಗೂಡ್_ಮೇಷ್ಟ್ರು:
ಎಲ್ರೂ ಆ್ಯಪ್ ಆ್ಯಪ್ ಅಂತೀರಾ, ಪ್ರತಿ ತರ್ಸೋದ್ರ ಬಗ್ಗೆ ಯಾರೂ ಮಾತಾಡ್ಲಿಲ್ವಲ್ಲ. ಮನೆ ಕಂದಾಯದ ಜೊತೆ ನಾವೆಲ್ಲ 6 ಪರ್ಸೆಂಟ್ ಗ್ರಂಥಾಲಯ ಕರ ಕಟ್ತೀವಿ, 1965ರ ಕಾಯ್ದೆಯಿಂದ ಬಂದಿರೋದು ಅದು, ಹಾಗಾಗಿ ಕೇಳೋಕೆ ಸಂಕೋಚ ಬೇಡ. ಆದ್ರೆ ಯಾರನ್ನ ಕೇಳ್ಬೇಕು ಅನ್ನೋದೇ ಮುಖ್ಯ. ಹಳ್ಳಿ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದ್ವು, ಈಗ ಅರಿವು ಕೇಂದ್ರ ಅಂತ ಬೋರ್ಡ್ ಇರುತ್ತೆ ನೋಡಿ, ಅಲ್ಲಿಗೆ ಪುಸ್ತಕ ಬೇಕಂದ್ರೆ ಪಂಚಾಯ್ತಿಗೆ ಅರ್ಜಿ ಕೊಟ್ಟು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಮಾತಾಡಿ. ಜಿಲ್ಲಾ ಕೇಂದ್ರ ಗ್ರಂಥಾಲಯ ಮಾತ್ರ ಗ್ರಂಥಾಲಯ ಇಲಾಖೇದು. ಇಲ್ಲಿ ಕೊಡೋ ಅರ್ಜಿ ಅಲ್ಲಿ ಕೊಟ್ರೆ ತಿಂಗಳುಗಟ್ಲೆ ಟೇಬಲ್ ಮೇಲೇ ಕೂತಿರುತ್ತೆ. ಬಾಯಲ್ಲಿ ಹೇಳ್ಬೇಡಿ, ಪುಸ್ತಕದ ಹೆಸ್ರು, ಪ್ರಕಾಶಕರು, ಎಷ್ಟು ಪ್ರತಿ ಅಂತ ಬರ್ದು, ಎಲ್ರೂ ಸಹಿ ಹಾಕಿ, ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ.
ಆಮೇಲೆ 2020ರ ‘ಓದುವ ಬೆಳಕು’ ಅನ್ನೋ ಕಾರ್ಯಕ್ರಮ ಬಂದ್ಮೇಲೆ ಪಂಚಾಯ್ತಿ ಲೈಬ್ರರೀಲಿ ಮಕ್ಳಿಗೆ ಸದಸ್ಯತ್ವ ಉಚಿತ, ನಿಮ್ ಗುಂಪಿನ ಚಿಕ್ಕವ್ರನ್ನ ಅಲ್ಲಿ ಸೇರ್ಸಿ.

ಮಂಜ್ರಾಬಾದ್_ಮಳೆ:
ಸಕಲೇಶಪುರದಿಂದ ಬರೀತಿದೀನಿ. ನೀವು ವೀಡಿಯೋ ಮೀಟಿಂಗ್ ಮಾಡೋ ಪ್ಲಾನಿದ್ರೆ ಈಗ್ಲೇ ಬಿಟ್ಬಿಡಿ. ಜೂನಿಂದ ಆಗಸ್ಟ್‌ವರೆಗೆ ಕರೆಂಟೂ ಇರಲ್ಲ ಟವರೂ ಇರಲ್ಲ, ಅರ್ಧ ಜನ ಹಲೋ ಕೇಳಿಸ್ತಿದ್ಯಾ ಅನ್ನೋದ್ರಲ್ಲೇ ಟೈಮ್ ಹೋಗುತ್ತೆ, ಗೂಗಲ್ ಮೀಟ್ ಫ್ರೀ ಅಕೌಂಟಲ್ಲಿ ಮೂರು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ 60 ನಿಮಿಷಕ್ಕೆ ಕಟ್ ಬೇರೆ. ನಮ್ಮ ಗುಂಪಲ್ಲಿ ವಾಟ್ಸಾಪ್ ವಾಯ್ಸ್ ನೋಟಲ್ಲೇ ಎಲ್ಲ. ಸಿಗ್ನಲ್ ಸಿಕ್ಕಾಗ ಕೇಳ್ತಾರೆ, ಉತ್ರ ಹೇಳ್ತಾರೆ. ಓದಕ್ಕಾಗ್ದವ್ರಿಗೆ ಯಾರಾದ್ರೊಬ್ರು ನಾಕು ಪುಟ ಓದಿ ಕಳಿಸ್ತಾರೆ (ಹಕ್ಕು ಮುಗಿದ ಪುಸ್ತಕ ಆದ್ರೆ ಮಾತ್ರ ಅಂತ @ಸಂಪಿಗೆಮರ ಬೈಯೋ ಮುಂಚೆ ನಾನೇ ಹೇಳ್ಬಿಡ್ತೀನಿ 😄).
ಈ ಊರೆಲ್ಲ ಒಂದೇ ಪುಸ್ತಕ ಓದೋದು ಹೊಸದೇನಲ್ಲ, 1998ರಲ್ಲಿ ಅಮೆರಿಕದ ಸಿಯಾಟಲ್ ಲೈಬ್ರರಿಯವ್ರು ಶುರು ಮಾಡಿದ್ದು. ಆಮೇಲೆ ಬಿಗ್ ಲೈಬ್ರರಿ ರೀಡ್ ಅಂತ ಆನ್‌ಲೈನಲ್ಲೂ ಬಂತು, ಅದ್ರಲ್ಲಿ ಕೆಲವು ದಿನ ಆ ಒಂದು ಇ-ಪುಸ್ತಕಕ್ಕೆ ಕ್ಯೂ ಇರಲ್ಲ, ಎಷ್ಟು ಜನ ಬೇಕಾದ್ರೂ ಒಟ್ಟಿಗೆ ತಗೋಬೋದು. ಅದು ಪುಗಸಟ್ಟೆ ಅಲ್ಲ, ಪ್ರಕಾಶಕರ ಜೊತೆ ಒಪ್ಪಂದ ಆಗಿರುತ್ತೆ. ನಮ್ಮಲ್ಲೂ ಕನ್ನಡ ಪುಸ್ತಕಕ್ಕೆ ವರ್ಷಕ್ಕೊಂದ್ಸಲ ಹಿಂಗೆ ಮಾಡಿದ್ರೆ ಮೇಷ್ಟ್ರು ಹೇಳಿದ ಅರ್ಜಿ ಗೋಳೇ ಇರಲ್ಲ.

ಕಳಸದ_ಓದುಗಿ:
ಎಲ್ರಿಗೂ ಥ್ಯಾಂಕ್ಸ್ ಕಣ್ರೀ. ಪುಟ್ಟಣ್ಣನವರದ್ದರಿಂದ ಶುರು ಮಾಡ್ತೀವಿ, ವಾಯ್ಸ್ ನೋಟ್ ಐಡಿಯಾನೂ ಓಕೆ. ಮೇಷ್ಟ್ರೇ, ಅರ್ಜಿ ಜಿಲ್ಲಾ ಗ್ರಂಥಾಲಯಕ್ಕೆ ಕೊಡೋದಾದ್ರೆ ಎಲ್ರೂ ಚಿಕ್ಕಮಗಳೂರಿಗೇ ಹೋಗ್ಬೇಕಾ, ಪೋಸ್ಟಲ್ಲಿ ಕಳಿಸಿದ್ರೆ ಆಗುತ್ತಾ?

ಅರಕಲಗೂಡ್_ಮೇಷ್ಟ್ರು:
ಸ್ಪೀಡ್ ಪೋಸ್ಟ್ ಮಾಡಮ್ಮ, ರಸೀದಿ ಇಟ್ಕೊ. ಖುದ್ದು ಹೋಗೋದಾದ್ರೆ ಸೋಮವಾರ ಹೋಗ್ಬೇಡ, ರಜೆ.