ಮ್ಯಾಟ್ ಮೇಲೆ 80 ಟನ್ ಅಂತ ಇದೆ, ಎರೆ ಹೊಲದಲ್ಲಿ ಮಿಕ್ಸರ್ ಗಾಡಿ ತರಬಹುದಾ?

ಪ್ರಶ್ನೆ (ಹೊಲದ ಮನೆ, ಗದಗ)
ಗದಗ ಹತ್ತಿರ ನಮ್ಮ ಹೊಲದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಬುನಾದಿ ಗುಂಡಿ 6 ಅಡಿ ಆಳ ಅಗೆದಾಗಿದೆ, ಇನ್ನು ಕಾಂಕ್ರೀಟ್ ಹಾಕಬೇಕು. ಡಾಂಬರು ರಸ್ತೆಯಿಂದ ಗುಂಡಿ ತನಕ ಸುಮಾರು 50 ಮೀಟರ್ ಪೂರ್ತಿ ಎರೆ ಮಣ್ಣು (ಕಪ್ಪು ಜೇಡಿ), ಮಳೆ ನಿಂತರೂ ಹಸಿ ಆರಿಲ್ಲ. 6 ಕ್ಯೂಬಿಕ್ ಮೀಟರಿನ ಆರ್‌ಎಂಸಿ (ರೆಡಿಮಿಕ್ಸ್ ಕಾಂಕ್ರೀಟ್) ಮಿಕ್ಸರ್ ಗಾಡಿ ಒಳಗೆ ಬರಬೇಕು. ಬಾಡಿಗೆಗೆ ಕೊಡುವವರು ಗಾಡಿಯ ದಾರಿಗೆ ಹಾಸುವ ಅರ್ಧ ಇಂಚು ದಪ್ಪದ 8x4 ಅಡಿ ಪ್ಲಾಸ್ಟಿಕ್ ಮ್ಯಾಟ್ ತೋರಿಸಿ 80 ಟನ್ ತಡೆಯುತ್ತದೆ ಅಂದರು. ಗಾಡಿ ತುಂಬಿದರೂ 30 ಟನ್ ದಾಟಲ್ಲ ಅಲ್ವಾ? ಹಾಗಾದರೆ ಭಯ ಇಲ್ಲ ತಾನೇ?

ಉತ್ತರ 1 (ಸೈಟ್ ಎಂಜಿನಿಯರ್)
ಸರ್, ಆ 80 ಟನ್ ಮ್ಯಾಟ್‌ನ ಲೆಕ್ಕ, ನಿಮ್ಮ ಮಣ್ಣಿನದಲ್ಲ. ಕೆಳಗೆ ಗಟ್ಟಿ ನೆಲ ಇದ್ದಾಗ ಪ್ಲಾಸ್ಟಿಕ್ ಜಜ್ಜಿಹೋಗದೆ ಅಷ್ಟು ಭಾರ ತಡೆಯುತ್ತದೆ ಅಂತ ಅದರ ಅರ್ಥ. ಮ್ಯಾಟ್ ಒಡೆಯಲ್ಲ, ಆದರೆ ಮ್ಯಾಟ್ ಸಮೇತ ಗಾಡಿ ಹೂತುಹೋಗಬಹುದು.

ನಿಮ್ಮ ಮಿಕ್ಸರಿನಂಥ ಮೂರು ಆಕ್ಸಲ್ (ಚಕ್ರದ ಅಚ್ಚು) ಗಾಡಿಗೆ 2018ರ ನಿಯಮದಲ್ಲಿ ಒಟ್ಟು 28.5 ಟನ್ ಮಿತಿ, ಅದರಲ್ಲಿ ಹಿಂದಿನ ಎರಡು ಆಕ್ಸಲ್ ಸೇರಿ 21 ಟನ್. ಹಿಂದೆ ನಾಲ್ಕು ಜೋಡಿ ಟೈರು, ಅಂದರೆ ಒಂದೊಂದು ಜೋಡಿಯ ಮೇಲೆ ಸುಮಾರು 5.25 ಟನ್. ಲಾರಿ ಟೈರಿನ ಗಾಳಿ 110 ಪಿಎಸ್‌ಐ ಆಸುಪಾಸು ಇರುತ್ತದೆ, ಟೈರ್ ನೆಲ ಒತ್ತುವುದೂ ಹೆಚ್ಚುಕಡಿಮೆ ಅಷ್ಟೇ, ಚದರ ಮೀಟರಿಗೆ 70-80 ಟನ್ ಲೆಕ್ಕ ಬೀಳುತ್ತದೆ. ಮಣ್ಣಿಗೆ ಅಷ್ಟು ತಾಕತ್ತು ಎಲ್ಲಿದೆ? ಭಾರತೀಯ ಮಾನದಂಡ ಐಎಸ್ 1904ರ 1978ರ ಆವೃತ್ತಿಯಲ್ಲಿ ಬುನಾದಿಗೆ ಕೊಟ್ಟಿದ್ದ ಅಂದಾಜು ನೋಡಿ: ಹೆಬ್ಬೆರಳು ಒತ್ತಿದರೆ ಹಲವು ಸೆಂಟಿಮೀಟರ್ ಒಳಗೆ ಇಳಿಯುವ ಜೇಡಿಗೆ ಚದರ ಮೀಟರಿಗೆ 5 ಟನ್, ಸಾಧಾರಣ ಒತ್ತಿದಾಗ ಗುರುತು ಬೀಳುವ ಮಣ್ಣಿಗೆ 10 ಟನ್. ನೀವೂ ಹೊಲದಲ್ಲಿ ನಾಲ್ಕು ಕಡೆ ಬೆರಳು ಒತ್ತಿ ನೋಡಿ.

ಚದರ ಮೀಟರಿಗೆ 5 ಟನ್ ತಡೆಯುವ ಮಣ್ಣಾದರೆ ಒಂದು ಜೋಡಿ ಟೈರಿನ ಭಾರ ಒಂದು ಚದರ ಮೀಟರಿಗಿಂತ ಜಾಸ್ತಿ ಜಾಗಕ್ಕೆ ಹರಡಲೇಬೇಕು. ಮ್ಯಾಟ್ ಸುಮಾರು 3 ಚದರ ಮೀಟರ್ ಇದೆಯಲ್ಲ, ಸಾಕಲ್ವಾ ಅನಿಸುತ್ತದೆ. ಆದರೆ ಅರ್ಧ ಇಂಚಿನ ಪ್ಲಾಸ್ಟಿಕ್ ಟೈರಿನ ಕೆಳಗೆ ಹಪ್ಪಳದ ಹಾಗೆ ಬಾಗುತ್ತದೆ, ಮೂಲೆಗಳು ಭಾರ ಹೊರುವುದೇ ಇಲ್ಲ.

ಉತ್ತರ 2 (ಕ್ರೇನ್ ಕೆಲಸ)
ಮೇಲಿನವರು ಹೇಳಿದ್ದು ಸರಿ. ಅಷ್ಟು ಬಾಗಬಾರದೆಂದರೆ ಕಬ್ಬಿಣದ ಪ್ಲೇಟ್ ಹಾಕಿ, ಆದರೆ 12 ಎಂಎಂನ 8x4 ಪ್ಲೇಟ್ ಒಂದೇ 280 ಕೆಜಿ ತೂಗುತ್ತದೆ, ಇಳಿಸೋಕೆ ಜೆಸಿಬಿ ಬೇಕೇ ಬೇಕು (ಪ್ಲಾಸ್ಟಿಕ್ ಆದರೆ 36 ಕೆಜಿ, ಇಬ್ಬರು ಎತ್ತುತ್ತಾರೆ). ಹಸಿಯಾದರೆ ಕಬ್ಬಿಣ ಜಾರುತ್ತದೆ. ಯಾವುದೇ ಹಾಕಿದರೂ ಅದರ ಮೇಲೆ ಗಾಡಿ ತಿರುಗಿಸಬೇಡಿ, ನೇರ ಬಂದು ನೇರ ರಿವರ್ಸ್ ಹೋಗಲಿ. ತಿರುಗಿಸಿದಾಗ ಹಿಂದಿನ ಟೈರುಗಳು ಮ್ಯಾಟ್ ಅನ್ನು ತಿರುಚಿ ಎಳೆಯುತ್ತವೆ, ಜೋಡಣೆ ಬಿಟ್ಟುಕೊಳ್ಳುತ್ತದೆ. ಚಕ್ರ ಅಂಚಿನ ಮೇಲೆ ಹತ್ತಿದರೆ ಇನ್ನೊಂದು ಅಂಚು ಎದ್ದು ನಿಲ್ಲುತ್ತದೆ, ಆಗ ಪಕ್ಕದಲ್ಲಿ ಯಾರೂ ಇರಬಾರದು.

ನನಗೆ ನಿಜವಾದ ಭಯ ಇರೋದು ಗುಂಡಿಯ ದಡದ್ದು. 6 ಅಡಿ ಆಳ ಅಂದಿರಿ, ಕಡಿಮೆ ಅಂದರೂ ಅಷ್ಟೇ ದೂರದಲ್ಲಿ ಚಕ್ರ ನಿಲ್ಲಬೇಕು. ಎರೆ ಮಣ್ಣಲ್ಲಿ, ಅದೂ ಹಸಿ ಇರುವಾಗ, ಇನ್ನೂ ಹಿಂದೆ ನಿಂತರೆ ಒಳ್ಳೆಯದು. ದಡ ಕುಸಿದರೆ ಯಾವ ಮ್ಯಾಟೂ ಹಿಡಿಯಲ್ಲ, ಡ್ರಮ್ಮಿನ ಭಾರ ಮೇಲೆ ಇರುವುದರಿಂದ ಗಾಡಿ ಸೀದಾ ಗುಂಡಿಗೆ ಉರುಳುತ್ತದೆ, ಒಳಗೆ ಕೆಲಸದವರು ಇರುತ್ತಾರೆ!

ಪ್ರಶ್ನೆ ಕೇಳಿದವರು
ಬೆರಳು ಒತ್ತಿ ನೋಡಿದೆ, ಸಲೀಸಾಗಿ ಇಳಿಯಿತು. ಅರ್ಧ ಲೋಡ್ ತರಿಸಿದರೆ ನಡೆಯುತ್ತದಾ?

ಉತ್ತರ 1 (ಸೈಟ್ ಎಂಜಿನಿಯರ್)
3 ಕ್ಯೂಬಿಕ್ ಮೀಟರ್ ಬಿಟ್ಟರೆ 7 ಟನ್‌ಗೂ ಜಾಸ್ತಿ ಇಳಿಯುತ್ತದೆ, ಆದರೆ ಅಷ್ಟು ಮೆತ್ತಗಿರುವ ಮಣ್ಣಿಗೆ ನಾನು ಅದನ್ನೂ ಒಪ್ಪಲ್ಲ. ಗರಸು ಹಾಕಿ ರೋಲರ್ ಹೊಡೆದು ದಾರಿ ಮಾಡಿ, ಹೇಗೂ ಆಮೇಲೆ ಇಟ್ಟಿಗೆ, ಕಬ್ಬಿಣದ ಲಾರಿ ಬರುತ್ತವೆ. ಅಷ್ಟು ಟೈಮ್ ಇಲ್ಲ ಅಂದರೆ ಗಾಡಿ ರಸ್ತೆಯಲ್ಲೇ ನಿಲ್ಲಿಸಿ ಪಂಪ್ ತರಿಸಿ. 50 ಮೀಟರ್ ಪೈಪ್ ಎಳೆಯುವುದು ಅವರಿಗೆ ದೊಡ್ಡದಲ್ಲ. ಪಂಪಿಗೆ ಹೊಂದುವ ಮಿಕ್ಸ್ ಬೇಕು ಅಂತ ಪ್ಲಾಂಟಿಗೆ ಮೊದಲೇ ಹೇಳಿ, ಮತ್ತೆ ಪೈಪಿನಲ್ಲಿ ಮೊದಲು ಬಿಡುವ ಸಿಮೆಂಟ್ ಹಾಲನ್ನು ಗುಂಡಿಗೆ ಬಿಡಿಸದೆ ಹೊರಗೆ ಚೆಲ್ಲಿಸಿ.