ಇಟ್ಟಿಗೆ ಗೂಡಿನವರ ಅಡ್ವಾನ್ಸ್ ನಾವೇ ಕಟ್ಟಿದರೆ ಬಿಡ್ತಾರಾ? ಅನುಭವ ಇದ್ದವರು ಹೇಳಿ

ಪಾರಿಜಾತ (ಕೇಳಿದವರು):
ನಾವಿರುವುದು ಬೆಂಗಳೂರಿನ ಹೊರಗೆ, ಹೊಸ ಲೇಔಟಿನಲ್ಲಿ. ಹಿಂದುಗಡೆ ಒಂದು ಇಟ್ಟಿಗೆ ಗೂಡು ಇದೆ. ಅಲ್ಲಿ ಕೆಲಸ ಮಾಡುವ ಒಡಿಶಾದ ಹೆಂಗಸೊಬ್ಬಳು ಕುಡಿಯುವ ನೀರಿಗೆ ನಮ್ಮ ಮನೆಗೆ ಬರುತ್ತಾಳೆ. ಅವಳ ಅರೆಬರೆ ಹಿಂದಿಯಲ್ಲಿ ನನಗೆ ತಿಳಿದದ್ದು ಇಷ್ಟು. ಗಂಡ, ಹೆಂಡತಿ, ಹತ್ತೋ ಹನ್ನೊಂದೋ ವರ್ಷದ ಮಗ, ಮೂರೂ ಜನ ದುಡಿಯುತ್ತಾರೆ. ಊರಲ್ಲೇ ಮೇಸ್ತ್ರಿ 40,000 ಅಡ್ವಾನ್ಸ್ ಕೊಟ್ಟು ಕರೆತಂದಿದ್ದಾನೆ. ಇಲ್ಲಿ ವಾರಕ್ಕೊಮ್ಮೆ ಸಂತೆ ಖರ್ಚು ಕೊಡುತ್ತಾರೆ, ಅಷ್ಟೇ. ಅವಳ ತಾಯಿ ತೀರಿಕೊಂಡಾಗಲೂ ಊರಿಗೆ ಬಿಡಲಿಲ್ಲವಂತೆ. ನಾವು ನಾಲ್ಕು ಮನೆಯವರು ಸೇರಿ ಆ ದುಡ್ಡು ಕಟ್ಟಿ ಬಿಡಿಸಬೇಕು ಅಂದುಕೊಂಡಿದ್ದೇವೆ. ಸರಿ ಅಲ್ವಾ?

ಬೇವಿನಮರ:
ದಯವಿಟ್ಟು ಕಟ್ಟಬೇಡಿ. ನಾನು ಕಟ್ಟಿ ಕೆಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ತೋಟದ ಪಕ್ಕದ ಕಲ್ಲು ಕ್ವಾರಿಯಲ್ಲಿ ಇಂಥದೇ ಒಂದು ಸಂಸಾರ ಇತ್ತು. 25,000 ಬಾಕಿ ಅಂತ ಗೊತ್ತಾಯಿತು. ಹಿಡಿದುಕೊಂಡು ಹೋದೆ. ಮಾಲೀಕ ಕೂರಿಸಿ ಟೀ ಕೊಟ್ಟ. ಆಮೇಲೆ ಪುಸ್ತಕ ತೆಗೆದ. ಅಕ್ಕಿ, ಜ್ವರದ ಮಾತ್ರೆ, ಬಸ್ ಚಾರ್ಜು, ಮೇಸ್ತ್ರಿ ಕಮಿಷನ್ನು, ಎಲ್ಲ ಸೇರಿ 43,000. ನಾನು ಚೌಕಾಸಿಗೆ ಕೂತೆ! ಸಂತೆಯಲ್ಲಿ ಎತ್ತು ಕೊಳ್ಳುವ ಹಾಗೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಕೊನೆಗೆ ಬಿಟ್ಟ. ಅವರ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಮಾರನೇ ವರ್ಷ ಅದೇ ಮೇಸ್ತ್ರಿ ಅವರನ್ನು ಬೇರೆ ಕಡೆ ಸೇರಿಸಿದ ಅಂತ ಕೇಳಿದೆ. ಇತ್ತ ಕ್ವಾರಿಗೆ ಇನ್ನೊಂದು ಸಂಸಾರ ಬಂತು. ಅವರಿಗೆ ಕೊಟ್ಟ ಅಡ್ವಾನ್ಸು ನನ್ನದೇ ದುಡ್ಡು ಇರಬೇಕು.

ಲೀಗಲ್ ಏಡ್ ಹುಡುಗಿ:
ಬೇವಿನಮರ ಅವರಿಗೆ ಒಂದು ಮಾತು ಸೇರಿಸುತ್ತೇನೆ. ಕಾನೂನಿನ ಪ್ರಕಾರ ಅಲ್ಲಿ ಕಟ್ಟಲು ಬಾಕಿಯೇ ಇಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಇಂಥ ಸಾಲವನ್ನೇ ಅಳಿಸಿಹಾಕಿದೆ. ಅಳಿದ ಸಾಲಕ್ಕೆ ದುಡ್ಡು ಇಸಿದುಕೊಳ್ಳುವುದೂ ಅಪರಾಧ, ಮೂರು ವರ್ಷದವರೆಗೆ ಜೈಲು. ಅಂದರೆ ನೀವು 40,000 ಕೊಟ್ಟರೆ ತೆಗೆದುಕೊಂಡವನು ಇನ್ನೊಂದು ತಪ್ಪು ಮಾಡಿದ ಹಾಗೆ. "ಇದು ಜೀತದ ಸಾಲ ಅಲ್ಲ" ಅಂತ ಸಾಬೀತು ಮಾಡುವ ಹೊರೆ ಕೂಡ ಸಾಲ ಕೊಟ್ಟವನ ಮೇಲೇ ಇದೆ, ಆ ಹೆಂಗಸಿನ ಮೇಲಲ್ಲ.

ಅವರಿಗೆ ಬೇಕಿರುವುದು ಬಿಡುಗಡೆ ಪತ್ರ. ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ, ನಾವು ಎಸಿ ಅನ್ನುತ್ತೇವಲ್ಲ, ಅವರು ವಿಚಾರಣೆ ಮಾಡಿ ಕೊಡುವ ಕಾಗದ. ನೇರವಾಗಿ ಎಸಿ ಆಫೀಸಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಗುವಿನ ವಿಷಯ ಇರುವುದರಿಂದ ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ. ವಕೀಲರು ಬೇಕಾದರೆ ಕಾನೂನು ನೆರವಿನ ಸಹಾಯವಾಣಿ 15100. ಮಾನವ ಸಾಗಣೆಗೆ ಅಥವಾ ಬಿಟ್ಟಿ ದುಡಿಮೆಗೆ ಸಿಕ್ಕಿದವರಿಗೆ ಉಚಿತ ಕಾನೂನು ನೆರವು ಹಕ್ಕು.

ಮೇಸ್ತ್ರಿಯನ್ನೂ ಮರೆಯಬೇಡಿ. ಸುಳ್ಳು ಹೇಳಿ, ಕಷ್ಟ ನೋಡಿ ದುಡ್ಡಿನ ಆಸೆ ತೋರಿಸಿ, ಜೀತದಂಥ ದುಡಿಮೆಗೆ ಕರೆತಂದಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನ ಮಾನವ ಸಾಗಣೆ. "ಅವರೇ ಒಪ್ಪಿ ಬಂದರು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದರೆ ಕನಿಷ್ಠ 10 ವರ್ಷ ಶಿಕ್ಷೆ.

ಲೆಕ್ಕ ಬರೆದವನು:
ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ, ಬೈಯಬೇಡಿ. ಎರಡು ಸೀಸನ್ ಒಂದು ಗೂಡಿನಲ್ಲಿ ಲೆಕ್ಕ ಬರೆದಿದ್ದೇನೆ. ಅಡ್ವಾನ್ಸ್ ಕೊಟ್ಟ ಮಾತ್ರಕ್ಕೆ ಜೀತ ಅನ್ನಬೇಡಿ. ಅಡ್ವಾನ್ಸ್ ಇಲ್ಲದೆ ಈ ಕೆಲಸಕ್ಕೆ ಯಾರೂ ಹೊರಡುವುದಿಲ್ಲ. ಊರಲ್ಲಿ ಮದುವೆಯೋ ಆಸ್ಪತ್ರೆಯೋ ಇರುತ್ತದೆ, ಅದಕ್ಕೇ ಬರುತ್ತಾರೆ.

ಆದರೆ ಪುಸ್ತಕ ಹೇಗೆ ಬರೆಯುತ್ತಿದ್ದೆವು ಅಂತಲೂ ಹೇಳಿಬಿಡುತ್ತೇನೆ. ಕೂಲಿ ಸಾವಿರ ಇಟ್ಟಿಗೆಗೆ ಇಷ್ಟು ಅಂತ. ರಾತ್ರಿ ಎರಡು ಮೂರು ಗಂಟೆಗೇ ಎದ್ದು ಮಣ್ಣು ಕಲಸಿ ಅಚ್ಚು ಹಾಕುತ್ತಾರೆ, ಬಿಸಿಲೇರಿದ ಮೇಲೆ ಆಗುವುದಿಲ್ಲ. ಮಳೆ ಬಂದು ಹಸಿ ಇಟ್ಟಿಗೆ ಕರಗಿದರೆ ಅದು ಎಣಿಕೆಗಿಲ್ಲ. ಒಡೆದದ್ದಕ್ಕೆ ಅಂತ ಸಾವಿರಕ್ಕೆ ಒಂದಿಷ್ಟು ಮೊದಲೇ ಕಳೆಯುತ್ತಿದ್ದೆವು, ಒಡೆಯಲಿ ಬಿಡಲಿ. ಕೂಲಿ ಗಂಡಸಿನ ಹೆಸರಿಗೆ ಮಾತ್ರ. ಹೆಂಡತಿ, ಮಕ್ಕಳು ಪುಸ್ತಕದಲ್ಲೇ ಇರುವುದಿಲ್ಲ. ಕೊನೆಗೆ ಸೀಸನ್ ಮುಗಿದಾಗ ಅಡ್ವಾನ್ಸ್ ಪೂರ್ತಿ ತೀರಿರಬಾರದು, ಮುಂದಿನ ವರ್ಷಕ್ಕೆ ಒಂದು ಕೊಂಡಿ ಉಳಿಯಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನನಗೆ ಗೊತ್ತಿತ್ತು.

ಲೀಗಲ್ ಏಡ್ ಹುಡುಗಿ:
ಲೆಕ್ಕ ಬರೆದವರೇ, ಅಡ್ವಾನ್ಸ್ ಬಗ್ಗೆ ನೀವು ಹೇಳಿದ್ದು ಸರಿ. ಅಡ್ವಾನ್ಸ್ ಇಸಿದುಕೊಂಡ ಕಾರಣಕ್ಕೆ ಬಿಟ್ಟುಹೋಗುವ ಹಾಗಿಲ್ಲ, ಬೇರೆ ಕಡೆ ದುಡಿಯುವ ಹಾಗಿಲ್ಲ, ಸರಿಯಾದ ಕೂಲಿ ಇಲ್ಲ, ಇದರಲ್ಲಿ ಒಂದಿದ್ದರೂ ಸಾಕು, ಜೀತ. ಸರಪಳಿ, ಬೀಗ ಏನೂ ಬೇಡ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕೆಲಸಗಾರರ ಕೇಸಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿದರೆ ಅದೂ ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ, ಹಸಿವೂ ಒಂದು ಬಲವಂತ ಅಂದಿತು. ತಾಯಿ ಸತ್ತಾಗ ಬಿಡಲಿಲ್ಲ ಅಂದಿದ್ದಾಳಲ್ಲ, ಆ ಮಾತು ದೂರಿನಲ್ಲಿ ಮೊದಲು ಬರಲಿ.

ಗುಳೆ ಹೋದವನು:
ನಾನು ರಾಯಚೂರು ಕಡೆಯವನು. ನಮ್ಮಲ್ಲಿ ದುಡಿಯಲು ಊರು ಬಿಡುವುದಕ್ಕೆ ಗುಳೆ ಅನ್ನುತ್ತೇವೆ. ಅಪ್ಪ, ಅವ್ವ, ನಾನು ಮೂರು ವರ್ಷ ಒಂದು ಗೂಡಿನಲ್ಲಿದ್ದೆವು. ನನಗಾಗ ಹದಿನಾಲ್ಕು.

ಅಕ್ಕಾ, ಮೊದಲು ಒಂದು ಮಾತು. ಆ ಹೆಂಗಸನ್ನು ಕೇಳದೆ ಏನೂ ಮಾಡಬೇಡಿ. ನಮ್ಮ ಗೂಡಿಗೆ ಯಾರೋ ಒಳ್ಳೆಯ ಮನಸ್ಸಿನವರು ಬಂದು ಮೊಬೈಲಿನಲ್ಲಿ ವಿಡಿಯೋ ಮಾಡಿ, ಮಾಲೀಕನ ಜೊತೆ ಜಗಳ ತೆಗೆದು ಹೋದರು. ಅವತ್ತು ರಾತ್ರಿಯೇ ನಮ್ಮನ್ನು ಲಾರಿ ಹತ್ತಿಸಿ ಬೇರೆ ಗೂಡಿಗೆ ಸಾಗಿಸಿದರು. ಅಪ್ಪನಿಗೆ ಏಟು ಬಿತ್ತು. ಮುಂದಿನ ಸಲ ಬಂದವರು ಸುಮ್ನೆ ಬಂದರು, ಸುಮ್ನೆ ಹೋದರು. ಎಷ್ಟು ಜನ, ಮಕ್ಕಳೆಷ್ಟು, ಆಧಾರ್ ಕಾರ್ಡ್ ಯಾರ ಹತ್ತಿರ ಇದೆ, ಸಂತೆಗೆ ಹೋಗುವಾಗ ಜೊತೆಗೆ ಯಾರನ್ನು ಕಳಿಸುತ್ತಾರೆ, ಇಷ್ಟೇ ಅವ್ವನನ್ನು ಕೇಳಿಕೊಂಡು ಹೋಗಿದ್ದರು. ಅಂದಹಾಗೆ, ಸಂತೆಗೆ ಮನೆಮಂದಿಯೆಲ್ಲ ಒಟ್ಟಿಗೆ ಹೋಗಲು ಬಿಡುತ್ತಿರಲಿಲ್ಲ. ಒಬ್ಬರು ಗೂಡಿನಲ್ಲೇ ಉಳಿಯಬೇಕು. ಆಮೇಲೆ ವಿಚಾರಣೆಗೆ ಬಂದ ಅಧಿಕಾರಿ ಆ ಒಂದು ಮಾತನ್ನು ಎರಡು ಸಲ ಕೇಳಿ ಬರೆದುಕೊಂಡರು.

ದುಡ್ಡಿನ ವಿಷಯದಲ್ಲಿ ಜಾಸ್ತಿ ಆಸೆ ಹುಟ್ಟಿಸಬೇಡಿ. ಈಗಿನ ಕೇಂದ್ರ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ಕೊಡಬೇಕು. ಆಮೇಲೆ ಪುನರ್ವಸತಿಗೆ ಗಂಡಸಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ. ಮೊದಲನೆಯದಕ್ಕೆ ಕೇಸು ಮುಗಿಯುವುದನ್ನು ಕಾಯಬೇಕಿಲ್ಲ. ಉಳಿದದ್ದಕ್ಕೆ ಕೇಸಿನ ಕೊಂಡಿ ಇದೆ, ಆಫೀಸಿಂದ ಆಫೀಸಿಗೆ ಅಲೆಯಬೇಕು. ನಮಗೆ ಮೊದಲ ಕಂತು ಸಿಕ್ಕಿತು. ಉಳಿದದ್ದಕ್ಕೆ ಅಪ್ಪ ತೀರಿಕೊಳ್ಳುವವರೆಗೂ ಓಡಾಡಿದೆವು. ಆದರೂ ಆ ಬಿಡುಗಡೆ ಪತ್ರ ಕೆಲಸಕ್ಕೆ ಬಂತು. ಮೇಸ್ತ್ರಿ ಊರಿಗೆ ಬಂದು ಬಾಕಿ ಕೇಳಿದಾಗ ಅವ್ವ ಪತ್ರ ತಂದು ಬಾಗಿಲಲ್ಲೇ ತೋರಿಸಿದಳು. ಅವಳಿಗೆ ಓದು ಬರುವುದಿಲ್ಲ. ತಲೆಕೆಳಗಾಗಿ ಹಿಡಿದಿದ್ದಳು. ಅವನು ಮತ್ತೆ ಬರಲಿಲ್ಲ.

ಬೇವಿನಮರ:
ಭಾಷೆಯದೊಂದು ಮರೆತಿದ್ದೆ. ನಮ್ಮ ಕ್ವಾರಿಗೆ ಮೊದಲೊಮ್ಮೆ ವಿಚಾರಣೆಗೆ ಬಂದಿದ್ದರಂತೆ. ಕೆಲಸಗಾರರ ಮಾತನ್ನು ಅಧಿಕಾರಿಗೆ ಕನ್ನಡದಲ್ಲಿ ಹೇಳಿದವನು ಯಾರು ಗೊತ್ತಾ? ಅದೇ ಮೇಸ್ತ್ರಿ. "ಚೆನ್ನಾಗಿದ್ದೀವಿ ಅಂತಿದ್ದಾರೆ ಸಾರ್" ಅಂದನಂತೆ. ಫೈಲು ಅಲ್ಲಿಗೇ ಮುಗಿಯಿತು.

ಪಾರಿಜಾತ:
ಎಲ್ಲರಿಗೂ ಥ್ಯಾಂಕ್ಸ್. ಒಟ್ಟು ಮಾಡಿದ ದುಡ್ಡು ವಾಪಸ್ ಕೊಟ್ಟೆವು, ಒಂದಿಷ್ಟು ಮಾತ್ರ ಅವರ ಊರಿನ ರೈಲು ಚಾರ್ಜಿಗೆ ಅಂತ ಇಟ್ಟುಕೊಂಡಿದ್ದೇವೆ. ಇವತ್ತು ಅವಳು ನೀರಿಗೆ ಬಂದಾಗ ಕೇಳಿದೆ. ಗಂಡನನ್ನು ಕೇಳಿ ಹೇಳುತ್ತೇನೆ ಅಂದಳು. ಕೊಡ ಎತ್ತಿಕೊಂಡು ಗೇಟಿನ ತನಕ ಹೋಗಿ, ತಿರುಗಿ ಬಂದು, ಮಗನ ಹೆಸರೂ ಬರೆಯುತ್ತಾರಾ ಅಂತ ಕೇಳಿದಳು. ಬರೆಯುತ್ತಾರೆ ಅಂದೆ. ಬರೆಯುತ್ತಾರೆ ಅಲ್ವಾ? ಇನ್ನು, ಬೆಂಗಳೂರಿನಲ್ಲಿ ಒಡಿಯಾ ಮಾತಾಡುವ ಯಾರಾದರೂ ಒಂದು ದಿನ ಎಸಿ ಆಫೀಸಿಗೆ ನಮ್ಮ ಜೊತೆ ಬರುವ ಹಾಗಿದ್ದರೆ ಇಲ್ಲೇ ಹೇಳಿ.